ಎಡಗಣ್ಣಿನ ಫೋಟೋ

ಕಣ್ಣಾಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕರಿ ಪರದೆ ಎಳೆದ ಸಣ್ಣ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷ ಜನರ ಕಣ್ಣಿನೊಳಗಿನ ಚಿತ್ರ ತೆಗೆದವಳು ಅವಳು. ಎಲ್ಲರಿಗೂ ಫೋಟೋ ಅಕ್ಕ. ಗದ್ದ ಇಲ್ಲಿಡಿ, ಹಣೆ ಅಲ್ಲಿ ಒತ್ತಿ, ಹಸಿರು ಚುಕ್ಕೆ ನೋಡಿ, ರೆಪ್ಪೆ ಬಡಿಯಬೇಡಿ. ಇಷ್ಟೇ ಮಾತು. ಮಂತ್ರಿಯಾಗಲಿ ಮಾಲಿಯಾಗಲಿ, ಅವಳೆದುರು ಗದ್ದ ಇಡಲೇಬೇಕು. ಅಷ್ಟು ಸಾವಿರ ಕಣ್ಣು ನೋಡಿದವಳಿಗೆ ಕಾಣುತ್ತಿದ್ದದ್ದು ಮಾತ್ರ ಒಂದೇ ಕಣ್ಣು. ಎಡಗಣ್ಣು ಹೆಸರಿಗಷ್ಟೇ.

ಅದರ ಕಥೆ ಮನೆಯವರಿಗೆಲ್ಲ ಬಾಯಿಪಾಠ. ಅವಳಿಗಾಗ ಐದು ವರ್ಷ, ಅಣ್ಣನಿಗೆ ಒಂಬತ್ತು. ಅವನು ಬೀಸಿದ ಬುಗುರಿ ಗುರಿ ತಪ್ಪಿ ಅವಳ ಎಡ ಹುಬ್ಬಿಗೆ ಬಡಿಯಿತು. ಅಮ್ಮ ರಕ್ತ ಒರೆಸಿ, ಬಲಗಣ್ಣು ಮುಚ್ಚಿ, ಎಷ್ಟು ಬೆರಳು ಹೇಳು ಅಂದಳು. ಮಗು ಬೆರಳೇ ಕಾಣಲ್ಲ ಅಂದಿತು. ಟಾರ್ಚ್ ಬಿಟ್ಟು ನೋಡಿದ ಡಾಕ್ಟರೂ ಪೆಟ್ಟಿಗೆ ಕಣ್ಣು ಹೋಗಿದೆ ಎಂದು ತಲೆಯಾಡಿಸಿದರು. ಅದಕ್ಕೆ ಮುಂಚೆ ಆ ಕಣ್ಣು ಕಾಣುತ್ತಿತ್ತೇ ಅಂತ ಯಾರೂ ಕೇಳಲಿಲ್ಲ. ತಂಗಿಯ ಕಣ್ಣು ತಿಂದವನು ಅಂತ ಅಮ್ಮ ಸಾಯುವವರೆಗೂ ಅಂದಳು. ಆಸ್ಪತ್ರೆ ಕೆಲಸಕ್ಕೆ ಸೇರಿದ ಮೇಲೂ ಯಾರಾದರೂ ವಿಚಾರಿಸಿದರೆ, ಅದು ಪೆಟ್ಟು ಬಿದ್ದ ಕಣ್ಣು ಬಿಡಿ ಅಂದು ಅವಳೇ ಮಾತು ಮುಗಿಸುತ್ತಿದ್ದಳು.

ಅಣ್ಣ ಯಾವತ್ತೂ ಎದುರಾಡಲಿಲ್ಲ. ಮರ ಕಡೆಯುವ ಕೆಲಸ ಹಿಡಿದ. ಮಂಚದ ಕಾಲು, ಮೆಟ್ಟಿಲ ಕಂಬಿ, ಏನು ಕೇಳಿದರೂ ಕಡೆದು ಕೊಡುತ್ತಿದ್ದ, ಬುಗುರಿ ಒಂದನ್ನು ಬಿಟ್ಟು. ಸಂಜೆ ಐದಕ್ಕೆ ಮರದ ಹೊಟ್ಟು ಮೆತ್ತಿದ ಅಂಗಿಯಲ್ಲೇ ಆಸ್ಪತ್ರೆ ಗೇಟಿಗೆ ಬಂದು ನಿಲ್ಲುವನು. ಒಂಟಿಯಾಗಿದ್ದ ತಂಗಿಯ ಮನೆ ಬಾಗಿಲವರೆಗೂ ಅವಳ ಎಡಗಡೆಗೇ ನಡೆಯುವನು, ಬಸ್ಸು ಬಂದರೆ ತನಗೇ ತಾಗಲಿ ಎಂಬಂತೆ. ನಾನು ಇವರಿಗೆ ಐದೂವರೆಯ ಮೇಲಿನ ಹೆಂಡತಿ ಎಂದು ಅತ್ತಿಗೆ ನಗುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಗೆ ಹೊಸ ಕ್ಯಾಮೆರಾ ಬಂತು. ಕೂಡಿಸಲು ಬಂದ ಮೆಕ್ಯಾನಿಕ್ ಪರೀಕ್ಷೆಗೆ ಒಂದು ಕಣ್ಣು ಬೇಕು ಅಂದ. ಅವಳು ಬಲಗಣ್ಣು ಕೊಟ್ಟಳು. ಬೆಳಕು ಮಿಂಚಿತು, ಮುಗಿಯಿತು ಅಂದುಕೊಂಡಳು. ಆ ಯಂತ್ರಕ್ಕೇನು ಗೊತ್ತು ಇವಳ ಮನೆ ಕಥೆ? ಗರ್ರನೆ ತಾನೇ ಪಕ್ಕಕ್ಕೆ ಸರಿದು ಎಡಗಣ್ಣಿನ ಚಿತ್ರವನ್ನೂ ತೆಗೆದುಬಿಟ್ಟಿತು.

ಎರಡು ಚಿತ್ರಗಳೂ ಅಕ್ಕಪಕ್ಕ ಬಂದವು. ಬಲಗಣ್ಣಿನ ರಕ್ತನಾಳಗಳು ದೃಷ್ಟಿನರದ ನಡುವಿನಿಂದ ಹೊರಟು, ಮೇಲಕ್ಕೂ ಕೆಳಕ್ಕೂ ಬಾಗಿ, ಕವಲೊಡೆದಿದ್ದವು. ಎಡಗಣ್ಣಿನಲ್ಲಿ ನರದ ಜಾಗದಲ್ಲಿ ಅಗಲವಾದ ಗುಳಿ. ಅದರ ಅಂಚಿನ ಸುತ್ತಲಿಂದ, ಇರಬೇಕಾದ್ದಕ್ಕಿಂತ ಹೆಚ್ಚು ನಾಳಗಳು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ನೆಟ್ಟಗೆ ಹೊರಟಿದ್ದವು. ಇಂಥ ಕಣ್ಣಿನ ಫೋಟೋ ಅವಳು ಕೈಯಾರೆ ಒಂಬತ್ತು ಸಲ ತೆಗೆದಿದ್ದಳು. ಪೆಟ್ಟಿನಿಂದ ಹೀಗಾಗುವುದಿಲ್ಲ. ಗರ್ಭದಲ್ಲಿ ಕಣ್ಣು ಕೂಡಿಕೊಳ್ಳುವಾಗಲೇ ಆಗುವ ಊನ ಇದು. ಹಿರಿಯ ಡಾಕ್ಟರೂ ಬಂದು ನೋಡಿ ಅದನ್ನೇ ಹೇಳಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೆ.

ನಾಲ್ಕು ದಿನ ಅವಳು ಬಾಯಿ ಬಿಡಲಿಲ್ಲ. ಹೇಳಿದರೆ ಅಣ್ಣನ ಎದೆಯ ಭಾರ ಇಳಿಯುತ್ತದೆ, ಸರಿ. ಆದರೆ ಅವನನ್ನು ದಿನಾ ಗೇಟಿಗೆ ತಂದು ನಿಲ್ಲಿಸುತ್ತಿದ್ದದ್ದು ಆ ಭಾರವೇ ಆಗಿದ್ದರೆ? ಹಗುರಾದವನು ಇನ್ಯಾಕೆ ಬರುತ್ತಾನೆ? ಐದನೆಯ ದಿನ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಣ್ಣನನ್ನು ಮೇಲಕ್ಕೆ ಕರೆದು, ಎರಡೂ ಚಿತ್ರ ತೋರಿಸಿ, ಎಲ್ಲವನ್ನೂ ಹೇಳಿದಳು.

ಅಣ್ಣ ಚಿತ್ರದಿಂದ ಅವಳ ಕಡೆಗೆ ತಿರುಗಿದ.

"ಇಷ್ಟು ವರ್ಷ ಊರವರದ್ದೆಲ್ಲ ತೆಗೆದೆ. ನಿನ್ನದನ್ನ ಒಂದು ಸಲ ನೋಡ್ಕೋಬೇಕು ಅನ್ನಿಸ್ಲಿಲ್ವಾ?" ಅಂದ.

ದೀಪದ ಬುಡ ಕತ್ತಲೆ ಅಂತ ನಕ್ಕು ಮಾತು ತೇಲಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ.

"ಅನ್ನಿಸ್ತು ಅಣ್ಣ. ಅಂಥ ಮೊದಲನೇ ಫೋಟೋ ತೆಗೆದಾಗಲೇ ಅನ್ನಿಸ್ತು. ನಿನ್ನ ತಪ್ಪಿಲ್ಲ ಅಂತಾದ್ರೆ ನೀನು ಬರೋದು ಬಿಟ್ಟುಬಿಡ್ತೀಯ ಅಂತ ಹೆದರಿದೆ."

ಅವನು ಮೆಟ್ಟಿಲಿಳಿದು ಹೋದ. ಅವತ್ತು ಅವಳು ಪ್ರತಿ ತಿರುವಿನಲ್ಲೂ ಇಡೀ ತಲೆ ಎಡಕ್ಕೆ ತಿರುಗಿಸುತ್ತಾ ಒಬ್ಬಳೇ ಮನೆ ಸೇರಿದಳು. ಮರುದಿನವೂ ಗೇಟಿನಲ್ಲಿ ಯಾರೂ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡಳು. ಅಂದುಕೊಂಡರೇನು, ಅರ್ಧ ಗಂಟೆ ಕಾದೇ ಹೊರಟಳು.

ಮೂರನೆಯ ದಿನ ಅವನು ಬಂದ. ಜೇಬಿನಿಂದ ಹೊಸ ಬುಗುರಿ ತೆಗೆದ. ಬಣ್ಣವನ್ನೂ ಹಾಕಿರಲಿಲ್ಲ, ಹಸಿ ಮರದ ವಾಸನೆ ಇನ್ನೂ ಹೋಗಿರಲಿಲ್ಲ. ದಾರ ಸುತ್ತಿ ಗೇಟಿನ ಸಿಮೆಂಟು ನೆಲದ ಮೇಲೆ ಬಿಟ್ಟ. ಅದು ತಿರುಗಿ ತಿರುಗಿ ವಾಲುವವರೆಗೂ ಇಬ್ಬರೂ ನೋಡಿದರು. ಆಮೇಲೆ ಅದನ್ನೆತ್ತಿ ಅವಳ ಕೈಗಿಟ್ಟ.

"ಸಿಟ್ಟು ಇನ್ನೂ ಹೋಗಿಲ್ಲ," ಅಂದ. "ನಡಿ."

ರಸ್ತೆಗಿಳಿದಾಗ ಅವನು ಅವಳ ಬಲಗಡೆಗೆ ಬಂದ. ಎಡಗಡೆಯ ಬಸ್ಸುಗಳನ್ನು ಅವಳೇ ಕತ್ತು ಹೊರಳಿಸಿ ನೋಡಿಕೊಂಡಳು. ತಿರುಗಿ ಇತ್ತ ನೋಡಿದರೆ ಅಣ್ಣನ ಮುಖ. ಇಷ್ಟು ವರ್ಷ ಜೊತೆಗೆ ನಡೆದರೂ, ನಡೆಯುವಾಗ ಅದು ಅವಳಿಗೆ ಕಂಡದ್ದು ಅದೇ ಮೊದಲು. ಹುಬ್ಬೆಲ್ಲ ಬೆಳ್ಳಗಾಗಿತ್ತು.