ಎಂಟನೆಯ ಫೋಟೋ

“ಅವನೇ ಹೇಳ್ಕೊಂಡಿದ್ದು” ಎಂದು ನಾನು ಆಡಿದ ಮಾತು ಸುಳ್ಳು. ಮುನಿಕೃಷ್ಣಣ್ಣ ತಾನು ಪೈಲಟ್ ಎಂದು ಯಾವತ್ತೂ ಹೇಳಿಕೊಂಡಿರಲಿಲ್ಲ. ಊರಿಗೆಲ್ಲ ಹಾಗೆ ಸಾರಿದವನು ನಾನು, ಅವನ ತಾಯಿಯನ್ನು ನಂಬಿಸಿದವನು ನಾನು, ಕೊನೆಗೆ ಆ ಸುಳ್ಳನ್ನು ತೆಗೆದು ಅವನ ತಲೆಗೆ ಕಟ್ಟಿದವನೂ ನಾನೇ. ಮೂರು ವರ್ಷವಾಯಿತು. ಆಗ ನನಗೆ ಹದಿನಾರು, ಈಗ ಹತ್ತೊಂಬತ್ತು. ಚಿಕ್ಕವನಾಗಿದ್ದೆ ಎನ್ನೋಣವೆಂದರೆ — ಇಲ್ಲ, ಹದಿನಾರಕ್ಕೆ ಎಲ್ಲ ತಿಳಿಯುತ್ತದೆ. ನನಗಂತೂ ಎಲ್ಲರಿಗಿಂತ ಹೆಚ್ಚು ತಿಳಿಯುತ್ತದೆ ಎಂದೇ ನಾನು ಓಡಾಡುತ್ತಿದ್ದದ್ದು.

ಶಿಡ್ಲಘಟ್ಟದಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಅಕ್ಕಯ್ಯಮ್ಮನ ಮನೆ. ಗಂಡ ತೀರಿಹೋಗಿದ್ದ. ರೇಷ್ಮೆ ಹುಳು ಸಾಕಿ ಬದುಕುತ್ತಿದ್ದಳು. ಒಬ್ಬನೇ ಮಗ ಮುನಿಕೃಷ್ಣ ವಾಯುಸೇನೆ ಸೇರಿ ದೂರದ ಉತ್ತರದಲ್ಲೆಲ್ಲೋ ಇದ್ದ. ಎರಡು ವರ್ಷದಿಂದ ಊರಿಗೆ ಬಂದಿರಲಿಲ್ಲ. ಅವಳಿಗೆ ಓದು ಬಾರದು. ಮಗನ ಕಾಗದ ಬಂದರೆ ಓದುವವನೂ ನಾನು, ಉತ್ತರ ಬರೆಯುವವನೂ ನಾನು.

ಆ ಕಾಗದಗಳೋ, ಉಪ್ಪಿಲ್ಲದ ಗಂಜಿ. “ನಾನು ಕ್ಷೇಮ. ಕೆಲಸ ಚೆನ್ನಾಗಿದೆ. ಕಾಲುನೋವಿಗೆ ಎಣ್ಣೆ ಹಚ್ಚಿಕೋ.” ಇಷ್ಟನ್ನು ಓದುವುದಕ್ಕೆ ನನ್ನಂಥವನು ಬೇಕೆ? ಅಕ್ಕಯ್ಯಮ್ಮ ಕೈ ಒರೆಸಿಕೊಂಡು ಎದುರು ಕೂರುತ್ತಿದ್ದಳು. ಕಾಗದ ಬಂತೆಂದರೆ ಬೀದಿಯ ಏಳೆಂಟು ಹೆಂಗಸರೂ ಬಂದು ಕೂರುತ್ತಿದ್ದರು. ಅಷ್ಟು ಜನರ ಮುಂದೆ ಬರೀ ಎಣ್ಣೆಯ ವಿಷಯ ಓದಿ ಎದ್ದು ಹೋಗಲು ನನ್ನ ಮನಸ್ಸು ಒಪ್ಪಲಿಲ್ಲ. ಮೊದಲ ಸಲ ಒಂದು ವಿಮಾನ ಸೇರಿಸಿದೆ. ಮುಂದಿನ ಸಲ ಮುನಿಕೃಷ್ಣಣ್ಣನನ್ನೇ ಅದರೊಳಗೆ ಕೂರಿಸಿದೆ. ಮೂರನೆಯ ಕಾಗದಕ್ಕೆ ಅವನು ಹಿಮಾಲಯದ ಮೇಲೆ ತಲೆಕೆಳಗಾಗಿ ಹಾರುತ್ತ ಕಾಫಿ ಕುಡಿದಿದ್ದ — ಒಂದು ತೊಟ್ಟೂ ಚೆಲ್ಲದೆ.

ನಂಬಿದರು. ಆಮೇಲೆ ಆಕಾಶದಲ್ಲಿ ಸದ್ದಾದರೆ ಸಾಕು, ಬೀದಿಯೆಲ್ಲ ಹೊರಗೆ ಬಂದು ಕೈ ಬೀಸುತ್ತಿತ್ತು. ಅಕ್ಕಯ್ಯಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದಳು; ಮಗ ಮೇಲಿಂದ ನೋಡುತ್ತಾನಲ್ಲ. ನಾನು ಗೋಡೆಯ ಮರೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇಂಥ ದಡ್ಡರ ನಡುವೆ ನಾನೊಬ್ಬ ಬುದ್ಧಿವಂತ ಹುಟ್ಟಿದೆನಲ್ಲ ಎಂದು ನನ್ನ ಮೇಲೆ ನನಗೇ ಮರುಕ.

ಪೈಲಟ್ ಎಂಬ ಸುದ್ದಿ ಚಿಂತಾಮಣಿಯವರೆಗೆ ಹೋಯಿತು. ಅಲ್ಲಿನ ತರಕಾರಿ ಮಂಡಿಯ ವೆಂಕಟರಾಯಪ್ಪ ತನ್ನ ಮಗಳನ್ನು ಕೊಡುತ್ತೇನೆಂದು ತಾನಾಗಿಯೇ ಬಂದ. ಮುಂದಿನ ರಜೆಯಲ್ಲಿ ಮದುವೆ ಎಂದು ಮಾತಾಯಿತು. ಆಗಲಾದರೂ ನಾನು ನಿಜ ಹೇಳಬಹುದಿತ್ತು — ಹೇಳಲಿಲ್ಲ.

ಆ ವರ್ಷ ಯಲಹಂಕದಲ್ಲಿ ಸೇನೆಯ ವಿಮಾನ ಪ್ರದರ್ಶನ ನಡೆಯಿತು. ಮುನಿಕೃಷ್ಣಣ್ಣ ಎರಡು ದಿನದ ಮಟ್ಟಿಗೆ ಅದರ ಕೆಲಸಕ್ಕೆ ಬರುವವನಿದ್ದ. ಊರಿಗೆ ಬರಲು ರಜೆ ಸಿಗಲಿಲ್ಲವಂತೆ. “ಸೀನನನ್ನು ಕಳಿಸು, ಎಲ್ಲಾ ತೋರಿಸುತ್ತೇನೆ” ಎಂದು ಬರೆದಿದ್ದ. ಸೀನ ಎಂದರೆ ನಾನು. ಆ ಒಂದು ಸಾಲನ್ನು ಮಾತ್ರ ಇದ್ದ ಹಾಗೆ ಓದಿದೆ.

ನಮ್ಮೂರಿನ ಫೋಟೋ ಸ್ಟುಡಿಯೋ ಗೌಸ್ ಸಾಹೇಬರದು. ಅವರನ್ನು ಕಾಡಿ ಬೇಡಿ ಒಂದು ಡಬ್ಬಿ ಕ್ಯಾಮೆರಾ ಇಸಕೊಂಡೆ. ಒಂದು ರೀಲಿಗೆ ಎಂಟು ಫೋಟೋ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಪುಟ್ಟ ಗಾಜಿನೊಳಗೆ ಬಗ್ಗಿ ನೋಡಬೇಕು. ಆ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಸಾಹೇಬರು ಇದನ್ನು ನಾಲ್ಕು ಸಲ ಹೇಳಿದರು. ಮದುಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಿ ಉಸಿರು ಕಟ್ಟಿಸುವುದು ಬಿಟ್ಟು ಬೇರೇನೂ ಬಾರದ ಮುದುಕ ನನಗೇನು ಕಲಿಸುವುದು ಎಂದು ನಾನು ನಾಲ್ಕು ಸಲವೂ ಆಕಳಿಸಿದೆ. ಹೊರಡುವ ಮುಂಚೆ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ: “ಶುಕ್ರವಾರ ಸ್ಟುಡಿಯೋ ಹತ್ರ ಬನ್ನಿ. ವಿಮಾನದ ಹೊಟ್ಟೆ ಒಳಗಿನ ಕರುಳೂ ಕಾಣ್ಬೇಕು, ಹಂಗೆ ತೆಗ್ದು ತರ್ತೀನಿ.”

ನಮ್ಮ ಪುಟ್ಟ ರೈಲಿನಲ್ಲಿ ಹೋದೆ. ಅದರ ಓಟ ಎಂಥದ್ದೆಂದರೆ, ನಂದಿ ಬೆಟ್ಟ ಕಿಟಕಿಯಲ್ಲಿ ಕಾಣಿಸಿಕೊಂಡಾಗ ಎದುರಿಗಿದ್ದ ಅಜ್ಜ ನಿದ್ದೆ ಹೋದ; ಅವನು ಎದ್ದು, ಎಲೆ ಅಡಿಕೆ ಹಾಕಿ, ಅಗಿದು, ಉಗಿದು ನೋಡಿದರೂ ಬೆಟ್ಟ ಅದೇ ಕಿಟಕಿಯಲ್ಲಿತ್ತು. ಯಲಹಂಕದ ಮೈದಾನದಲ್ಲಿ ಬೆಂಗಳೂರಿನ ದೊಡ್ಡ ಮನುಷ್ಯರೆಲ್ಲ ಕರಿ ಕನ್ನಡಕ ಹಾಕಿಕೊಂಡು ನೆರೆದಿದ್ದರು. ವಿಮಾನ ಬಂತೆಂದರೆ ಎಲ್ಲರೂ ಕಿವಿ ಮುಚ್ಚಿ ಬಾಯಿ ತೆರೆದು ನಿಲ್ಲುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬ ಬಂದಿದ್ದರೆ ಒಂದೇ ಮಧ್ಯಾಹ್ನದಲ್ಲಿ ಇಡೀ ಬೆಂಗಳೂರನ್ನು ಪರೀಕ್ಷೆ ಮಾಡಿ ಮುಗಿಸಬಹುದಿತ್ತು.

ನನ್ನ ಫೋಟೋ ಕೆಲಸವೂ ಅಷ್ಟರಲ್ಲೇ ಇತ್ತು. ವಿಮಾನ ಬಲಕ್ಕೆ ಹೋದರೆ ಗಾಜಿನಲ್ಲಿ ಎಡಕ್ಕೆ ಹೋಗುತ್ತಿತ್ತು. ನಾನೂ ಎಡಕ್ಕೆ ತಿರುಗುತ್ತಿದ್ದೆ. ಒತ್ತುವ ಹೊತ್ತಿಗೆ ವಿಮಾನ ದೇವನಹಳ್ಳಿಯ ಮೇಲೆ, ನಾನು ಯಾರೋ ಹೆಂಗಸಿನ ಕೊಡೆಯ ಎದುರಿಗೆ. ಹೀಗೆ ಏಳು ಮುಗಿದವು.

ಹಾರಾಟ ನಿಂತ ಮೇಲೆ ಮುನಿಕೃಷ್ಣಣ್ಣ ನನ್ನನ್ನು ಹುಡುಕಿಕೊಂಡು ಬಂದ. ಖಾಕಿ ಚಡ್ಡಿ, ಮೊಣಕೈವರೆಗೆ ಗ್ರೀಸು. ಪೂರಿ ಕೊಡಿಸಿದ. ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ಎತ್ತಿ, ಕೆಳಗೆ ನಿಂತಿದ್ದ ಒಂದು ವಿಮಾನದ ಹತ್ತಿರಕ್ಕೆ ಕರೆದುಕೊಂಡು ಹೋದ.

“ನೀನು ಓಡ್ಸಲ್ವೇನಣ್ಣ?” ಎಂದೆ.

“ಓಡ್ಸೋರು ಬೇರೆ ಕಣೋ. ಚಕ್ರ, ಬ್ರೇಕು ನೋಡ್ಕೊಳ್ಳೋನು ನಾನು. ನಾನು ನೋಡಿ ರುಜು ಹಾಕೋ ತನಕ ಎಂಥಾ ದೊಡ್ಡ ಸಾಹೇಬ್ರಾದ್ರೂ ಮೇಲಕ್ಕೆ ಹೋಗಂಗಿಲ್ಲ.” ನಕ್ಕ. “ಫೋಟೋ ಇನ್ನೆಷ್ಟು ಉಳ್ದವೆ?”

“ಒಂದು.”

“ಹಂಗಾದ್ರೆ ಅಮ್ಮಂಗೆ ಅಂತ ನಂದೊಂದು ತೆಗಿಯಪ್ಪ. ಕೆಲ್ಸ ಮಾಡ್ತಾ ಇರೋ ಹಂಗೇ ಇರ್ಲಿ. ಮಗ ಏನ್ ಮಾಡ್ತಾನೆ ಅಂತ ಅವಳೂ ನೋಡ್ಲಿ.”

ಅಲ್ಲೇ ಇದ್ದ ಬಕೀಟು ಪಕ್ಕಕ್ಕಿಟ್ಟು ಕುಕ್ಕರಗಾಲಲ್ಲಿ ಕೂತ. ಒರೆಸುವ ಬಟ್ಟೆಯನ್ನು ಚಕ್ರದ ಮೇಲಿಟ್ಟು ನನ್ನತ್ತ ನೋಡಿದ. ಒತ್ತಿದೆ. ಅವನು ಹೇಳಿದ್ದೆಲ್ಲ ನನ್ನ ಕಿವಿಗೆ ಸರಿಯಾಗಿಯೇ ಬಿದ್ದಿತ್ತು — ಅಮ್ಮನಿಗೆ ಎಂದದ್ದು, ರುಜು ಎಂದದ್ದು, ಎಲ್ಲ.

ಗೌಸ್ ಸಾಹೇಬರು ಗುರುವಾರ ರೀಲು ತೊಳೆದು ಬೆಳಕಿಗೆ ಹಿಡಿದರು. “ಆಕಾಶ ಬಹಳ ಚೆನ್ನಾಗಿ ಬಂದೈತೆ ಬೇಟಾ. ವಿಮಾನ ಎಲ್ಲಿ?”

ಆರು ಆಕಾಶ, ಒಂದು ಕೊಡೆ. ಎಂಟನೆಯದು ಮಾತ್ರ ಹಲ್ಲು ಎಣಿಸುವಷ್ಟು ಸ್ಪಷ್ಟ.

ಶುಕ್ರವಾರ ಮಧ್ಯಾಹ್ನ ಸಾಹೇಬರು ನಮಾಜಿಗೆ ಹೋದರು, ಅಂಗಡಿ ನನ್ನ ವಶ. ಅಷ್ಟರಲ್ಲಿ ಜನ ಸೇರಿದರು.

“ಎಲ್ಲೋ ನಿನ್ ವಿಮಾನ?”

“ಡಬ್ಬಿ ಒಳಗಿಂದ್ಲೇ ಹಾರೋಯ್ತೇನೋ.”

“ಕರುಳು ತೋರಿಸ್ತೀನಿ ಅಂದಿದ್ದೆ ಕಣಪ್ಪ, ನಿಂದೇ ತೋರ್ಸು.”

ಇನ್ನೊಂದು ಗಳಿಗೆ ಕಳೆದಿದ್ದರೆ ಊರೆಲ್ಲ ನನ್ನನ್ನು ನೋಡಿ ನಗುತ್ತಿತ್ತು. ಅದನ್ನು ತಡೆಯಲು ನನ್ನ ಹತ್ತಿರ ಇದ್ದದ್ದು ಆ ಒಂದೇ ಫೋಟೋ. ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ಮದುಮಕ್ಕಳ ನಡುವೆ ಅದನ್ನು ಅಂಟಿಸಿದೆ. ಕೆಳಗೆ ಚೀಟಿ ಬರೆದೆ: ‘ನಮ್ಮೂರ ಪೈಲಟ್’.

ನಗು ಹೇಗೆ ಎದ್ದಿತೆಂದರೆ ಗೂಡು ತಂದಿದ್ದ ಎತ್ತುಗಳೂ ತಿರುಗಿ ನೋಡಿದವು. “ಹಿಮಾಲಯದ ಮೇಲೆ ಕಾಫಿ ಕುಡ್ದೋನು ಇವ್ನೇನಾ?” “ವಿಮಾನ ಅಲ್ಲ ಕಣಪ್ಪ, ಬಕೀಟು ಓಡಿಸ್ತಾನೆ.” ನಾನು ಮಧ್ಯದಲ್ಲಿ ನಿಂತು ಚಕ್ರ ಒರೆಸುವುದನ್ನು ಅಭಿನಯಿಸಿ ತೋರಿಸುತ್ತಿದ್ದೆ. ಆಗ ಗುಂಪು ಸರಿಸಿಕೊಂಡು ವೆಂಕಟರಾಯಪ್ಪ ಬಂದ. ಏನೋ ಕೆಲಸಕ್ಕೆ ಶಿಡ್ಲಘಟ್ಟಕ್ಕೆ ಬಂದಿದ್ದನಂತೆ. ಫೋಟೋ ನೋಡಿದ. ಚೀಟಿ ಓದಿದ.

“ಏಮಪ್ಪಾ, ಇವ್ನು ಪೈಲಟ್ ಅಂತ ಹೇಳಿದ್ದು ಯಾರು?”

ಇಬ್ಬರು ಮೂವರು ನನ್ನ ಕಡೆ ತಿರುಗಿದರು. ಅವರು ಬೆರಳು ಎತ್ತುವ ಮುಂಚೆ ನಾನೇ ಹೇಳಿದೆ:

“ಅವನೇ ಹೇಳ್ಕೊಂಡಿದ್ದು. ಕಾಗದ ಬರ್ದವ್ನೆ.”

ವೆಂಕಟರಾಯಪ್ಪ ನೆಟ್ಟಗೆ ಅಕ್ಕಯ್ಯಮ್ಮನ ಮನೆಗೆ ಹೋಗಿ ಕೇಳಿದ. ಅವಳು ಸುಳ್ಳಾಡುವವಳಲ್ಲ. “ಹೌದು, ಬರ್ದವ್ನೆ, ಓದ್ಸಿ ಕೇಳಿದ್ದೀನಿ” ಎಂದಳು. ಸಂಬಂಧ ಮುರಿಯಿತು. ಆ ಹುಡುಗಿಯನ್ನು ಬೇರೆ ಕಡೆ ಕೊಟ್ಟರು.

ಗೌಸ್ ಸಾಹೇಬರು ನಮಾಜಿನಿಂದ ಬಂದು ಚೀಟಿ ಹರಿದರು. ಫೋಟೋ ತೆಗೆದು ತಾವೇ ಹೋಗಿ ಅಕ್ಕಯ್ಯಮ್ಮನಿಗೆ ಕೊಟ್ಟರು. ಮತ್ತೆ ನನ್ನನ್ನು ಅಂಗಡಿಗೆ ಸೇರಿಸಲಿಲ್ಲ. ಮುದುಕನಿಗೆ ತಮಾಷೆ ತಿಳಿಯುವುದಿಲ್ಲ ಎಂದುಕೊಂಡೆ.

ಅಕ್ಕಯ್ಯಮ್ಮ ಮಗನಿಗೆ ಕಾಗದ ಬರೆಸಿದಳು. “ನೀನು ಚಕ್ರ ಒರೆಸೋದಕ್ಕೆ ನನಗೇನೂ ನಾಚಿಕೆ ಇಲ್ಲ. ಸುಳ್ಳು ಯಾಕೆ ಬರ್ದೆ? ಆ ಬಾಯಲ್ಲಿ ನನ್ನ ಅಮ್ಮ ಅನ್ಬೇಡ.” ದುಂಡಗೆ ಬರೆದೆ, ನನ್ನ ಅಕ್ಷರ ಚೆನ್ನಾಗಿದೆ. ಅವನ ಉತ್ತರ ಬಂತು: “ನಾನು ಹಾಗೆ ಬರೆದೇ ಇಲ್ಲ ಅಮ್ಮ. ಕಾಗದವನ್ನು ಬೇರೆ ಯಾರ ಕೈಲಾದರೂ ಓದಿಸಿ ನೋಡು.” ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಓದಿದೆ: “ತಪ್ಪಾಯ್ತು ಅಮ್ಮ, ಕ್ಷಮಿಸು.”

ಎಲ್ಲಕ್ಕಿಂತ ಇದು — ಇದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು. ಫೋಟೋ ಅಂಟಿಸಿದಾಗ ಸುತ್ತ ಜನರಿದ್ದರು, ನಗು ಇತ್ತು. ಇಲ್ಲಿ ಅವಳೊಬ್ಬಳೇ ಇದ್ದಳು.

ಮೂರು ವರ್ಷ ಅವನು ಊರಿಗೆ ಬರಲಿಲ್ಲ. ಕಾಗದಗಳು ಬರುತ್ತಲೇ ಇದ್ದವು. ಅವಳು ಓದಿಸಿ ಕೇಳುತ್ತಿದ್ದಳು, ಉತ್ತರ ಬರೆಸುತ್ತಿರಲಿಲ್ಲ. ಹೋದ ತಿಂಗಳು ಒಂದು ಬಂತು. “ಇನ್ನೂ ದೂರಕ್ಕೆ ಹಾಕಿದ್ದಾರೆ. ಹೋಗುವ ಮುಂಚೆ ನಾಲ್ಕು ದಿನ ರಜೆ ಇದೆ. ನಿನ್ನನ್ನು ನೋಡಲು ಬರಲೋ ಬೇಡವೋ, ಒಂದು ಮಾತು ಬರೆಸು.” ಇದ್ದ ಹಾಗೆ ಓದಿದೆ.

ಅವಳು ಆ ಕಾಗದ ತೆಗೆದುಕೊಂಡು ಮಡಿಸಿದಳು. “ಬೇಡ ಅಂತ ಬರಿ.”

ಪೆನ್ನು ತೆಗೆದೆ. ಮೊದಲ ಅಕ್ಷರ ಬರೆದೆ. ಎರಡನೆಯದಕ್ಕೆ ಮುಂಚೆ ಪೆನ್ನು ಕೆಳಗಿಟ್ಟೆ.

“ಅಕ್ಕಯ್ಯಮ್ಮ, ಪೈಲಟ್ ಅಂತ ಅವನು ಬರ್ದಿರ್ಲಿಲ್ಲ. ನಾನು ಸೇರ್ಸಿ ಓದಿದ್ದು. ತಪ್ಪಾಯ್ತು ಅಂತಾನೂ ಅವನು ಬರ್ದಿದ್ದಲ್ಲ.”

ಹೊಡೆಯುತ್ತಾಳೆಂದುಕೊಂಡೆ. ಅವಳು ಒಳಗೆ ಹೋಗಿ, ತಂತಿಗೆ ಚುಚ್ಚಿಟ್ಟಿದ್ದ ಕಾಗದಗಳನ್ನೆಲ್ಲ ತಂದು ನನ್ನ ತೊಡೆಯ ಮೇಲೆ ಹಾಕಿದಳು. “ಮೊದಲ್ನಿಂದ ಓದು. ಇರೋದು ಇದ್ದಂಗೆ.”

ಓದಿದೆ. ಕ್ಷೇಮ. ಎಣ್ಣೆ ಹಚ್ಚಿಕೋ. ಇವತ್ತು ಎರಡು ಚಕ್ರ ಬದಲಾಯಿಸಿದೆ. ಅಲ್ಲಲ್ಲಿ, ನಾನು ಪ್ರತಿ ಸಲ ಹಾರಿಸಿಬಿಡುತ್ತಿದ್ದ ಒಂದು ಸಾಲು: “ಸೀನನಿಗೆ ಓದಲು ತೊಂದರೆಯಾಗದಿರಲಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.” ಒಂದೊಂದು ಮುಗಿದಾಗಲೂ “ಹೂಂ” ಎನ್ನುತ್ತಿದ್ದಳು. “ನಾನು ಹಾಗೆ ಬರೆದೇ ಇಲ್ಲ ಅಮ್ಮ” ಎಂಬುದನ್ನು ಮಾತ್ರ ಮೂರು ಸಲ ಓದಿಸಿದಳು.

ಆಮೇಲೆ ನಾನು ಒಂದಕ್ಷರ ಬರೆದು ನಿಲ್ಲಿಸಿದ್ದ ಕಾಗದವನ್ನು ಕಿತ್ತುಕೊಂಡಳು. “ನೀನು ಬರೀಬೇಡ. ಬಾ ಅಂತ ಬರ್ಯೋಕೆ ಈ ಊರಲ್ಲಿ ಬೇರೆಯೋರು ಸಿಕ್ತಾರೆ.” ಬಾಗಿಲ ಹತ್ತಿರ ನಿಂತು, ತಿರುಗದೆಯೇ ಹೇಳಿದಳು: “ಅವನು ಬಂದ್ ದಿನ ನೀನೂ ಸ್ಟೇಷನ್ನಿಗೆ ಬರ್ಬೇಕು. ಅವನಿಗೆ ನೀನೇ ಹೇಳ್ಬೇಕು. ನನ್ ಬಾಯಲ್ಲಿ ಅದು ಬರಲ್ಲ.”

ಅಂದು ಗಾಜಿನ ಮುಂದೆ ನಿಂತು ನಕ್ಕವರಲ್ಲಿ ನೀವೂ ಇದ್ದಿರಬಹುದು. ನಿಮಗೂ ಹೇಳಬೇಕಾಗಿತ್ತು, ಹೇಳಿದ್ದೇನೆ.

ಅವನು ಶನಿವಾರ ಬರುತ್ತಾನೆ. ಅಕ್ಕಯ್ಯಮ್ಮ ನನ್ನ ಜೊತೆ ಸ್ಟೇಷನ್ನಿಗೆ ಬರುವುದಿಲ್ಲವಂತೆ. ಅವಳು ಮುಂದೆ ನಡೆಯುತ್ತಾಳಂತೆ. ನಾನು ಹತ್ತು ಹೆಜ್ಜೆ ಬಿಟ್ಟು ಹಿಂದೆ ಬರಬೇಕಂತೆ.