ಬಾಯಲ್ಲೊಂದು ಆಲಿವ್ ಬೀಜ

ಸೆಫ್ರೂ ಪೇಟೆಯ ಹಳೇ ಓಣಿಯಲ್ಲಿ ಊರೊಲೆ ನಡೆಸುವ ಬೂಶ್ತಾನನ್ನು ಮಕ್ಕಳು ‘ಬೀಜದ ಬೂಶ್ತಾ’ ಎಂದೇ ಕರೆಯುತ್ತಾರೆ. ಬೆಳಿಗ್ಗೆ ಬಾಯಿಗೊಂದು ಆಲಿವ್ ಬೀಜ ಹಾಕಿಕೊಂಡರೆ ಸಂಜೆ ಒಲೆ ಆರಿದ ಮೇಲೆಯೇ ಅದನ್ನು ಉಗಿಯುವುದು. ಮಾತಾಡಬೇಕೆಂದರೆ ಮೊದಲು ಬೀಜವನ್ನು ಅಂಗೈಗೆ ತೆಗೆದುಕೊಳ್ಳಬೇಕು. ಅಷ್ಟರಲ್ಲಿ ಅರ್ಧ ಮಾತು ಬೇಡವೇ ಬೇಡ ಅನಿಸಿಬಿಡುತ್ತದೆ. ಇದೆಂಥ ಹುಚ್ಚು ಎಂದು ನಗುವವರಿಗೆ ಅವನ ಕಸುಬು ಗೊತ್ತಿಲ್ಲ.

ಓಣಿಯ ಅರವತ್ತು ಮನೆಗಳ ರೊಟ್ಟಿಯ ಹಿಟ್ಟು, ಹಲಗೆಯ ಮೇಲೆ ಬಟ್ಟೆ ಮುಚ್ಚಿಕೊಂಡು, ದಿನಾ ಬೇಯಲು ಅವನ ಮುಂದೆ ಬರುತ್ತದೆ. ಬಟ್ಟೆ ಸರಿಸಿದರೆ ಆ ಮನೆಯೊಳಗೇ ಹೋಗಿಬಂದಂತೆ. ಯಾರ ಮನೆಯಲ್ಲಿ ಗೋಧಿ ಮುಗಿದು ಬಾರ್ಲಿ ಬೆರೆಸುತ್ತಿದ್ದಾರೆ, ಯಾವ ಸೊಸೆ ಸಿಟ್ಟಿನಲ್ಲಿ ನಾದಿದ್ದಾಳೆ, ಯಾರಿಗೆ ಹೇಳದೆ ಕೇಳದೆ ನೆಂಟರು ಬಂದಿದ್ದಾರೆ, ಎಲ್ಲ ತಿಳಿಯುತ್ತದೆ. ಅದಕ್ಕೇ ಹೆಣ್ಣು ಹುಡುಕುವವರು ಹುಡುಗಿಯ ಮನೆ ಬಾಗಿಲು ತಟ್ಟುವ ಮೊದಲು ಒಲೆಯವನನ್ನು ಬಂದು ವಿಚಾರಿಸುವುದು.

ಹಾಗೆ ಬಂದವರ ಎದುರೇ ಬೂಶ್ತಾ ಒಮ್ಮೆ ಕೆಟ್ಟ. ಆಗ ಅವನಿಗೆ ಇಪ್ಪತ್ತಮೂರು. ಬಾ ಜಿಲಾಲಿ ಎಂಬ ಹಿರಿಯನ ಕೈಕೆಳಗೆ ಕೆಲಸ. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರಲ್ಲ, ಅವನದಕ್ಕೆ ಲಗಾಮೂ ಇರಲಿಲ್ಲ. ತಾಮು ಎಂಬ ಹುಡುಗಿಯ ಬಗ್ಗೆ ಕೇಳಲು ಬಂದ ಹೆಂಗಸನ್ನು ನಗಿಸಬೇಕೆಂದು, ಲಲ್ಲಾ ಎಂದು ಮರ್ಯಾದೆಯಿಂದಲೇ ಕರೆದು, “ಅವರ ಮನೇದಾ? ಈಗೀಗ ಬರೀ ಬಾರ್ಲಿ ರೊಟ್ಟಿ ಲಲ್ಲಾ. ಬೇಯೋವಾಗ ಹೊರಗೆ ಕತ್ತೆಗಳು ಬಂದು ಕಾಯ್ತವೆ” ಎಂದುಬಿಟ್ಟ. ಹೆಂಗಸು ನಕ್ಕಳು. ಸಂಬಂಧ ಮುರಿಯಿತು. ತಾಮುವಿನ ಅಪ್ಪ ಆ ಚಳಿಗಾಲ ಹಾಸಿಗೆ ಹಿಡಿದಿದ್ದ, ಮನೆಯವರು ಹೊಟ್ಟೆಬಟ್ಟೆ ಕಟ್ಟಿ ದಿನ ದೂಡುತ್ತಿದ್ದರು, ಅಷ್ಟೆ.

ಬಾ ಜಿಲಾಲಿ ಕೂಗಾಡಲಿಲ್ಲ. ಒಂದು ಹಲಗೆಯನ್ನು ತೋರಿಸಿ ಕೇಳಿದ: “ಇದಕ್ಕೆ ಬಟ್ಟೆ ಯಾಕೆ ಮುಚ್ತಾರೆ, ಗೊತ್ತಾ?”

“ಧೂಳು ಬೀಳ್ದಿರ್ಲಿ ಅಂತ.”

“ಧೂಳಿಗಲ್ಲ ಕಣೋ, ಊರ ಕಣ್ಣಿಗೆ. ನಿನ್ನ ನಂಬಿ ಬಟ್ಟೆ ಸರಿಸೋಕೆ ಬಿಟ್ರೆ, ನೀನು ಬೀದೀಲಿ ಸರಿಸಿದೆ.” ಆಮೇಲೆ ತನ್ನ ಊಟದ ತಟ್ಟೆಯಿಂದ ಒಂದು ಆಲಿವ್ ಕಾಯಿ ತೆಗೆದು ಅವನ ಕೈಗಿಟ್ಟ. “ತಿನ್ನು. ಬೀಜ ಮಾತ್ರ ಉಗೀಬೇಡ.”

ಮೊದಮೊದಲು ಬೂಶ್ತಾ ಬೀಜ ನುಂಗಿದ್ದೂ ಉಂಟು, ಮರೆತು ಉಗಿದು ಬಾಯಿ ಹರಿಬಿಟ್ಟಿದ್ದೂ ಉಂಟು. ಯಾರ ಬಗ್ಗೆಯೂ ಕೆಟ್ಟದ್ದು ಆಡದಿರಲು ಎರಡು ವರ್ಷ ಬೇಕಾಯಿತು. ಆಮೇಲೆ ಇನ್ನೊಂದು ಹೊಳೆಯಿತು: ಉಳ್ಳವರನ್ನು ಹೊಗಳಿ ಇಲ್ಲದವರ ಬಗ್ಗೆ ಸುಮ್ಮನಿದ್ದರೆ, ಆ ಸುಮ್ಮನಿರುವುದೇ ಒಂದು ಚಾಡಿ. ಅಂದಿನಿಂದ ಹೊಗಳುವುದನ್ನೂ ಬಿಟ್ಟ. ಅದು ಇನ್ನೂ ಕಷ್ಟವಾಯಿತು, ಹೊಗಳದವನನ್ನು ಓಣಿ ಅಷ್ಟು ಬೇಗ ಕ್ಷಮಿಸುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವವರು ಬಂದು ಅವನನ್ನು ನೋಡಲಿ. ಅವನದು ಒಲೆಯ ಮುಂದೆ ದಿನಕ್ಕಿಷ್ಟಿಷ್ಟು ಸುಟ್ಟೇ ಹೋಯಿತು.

ತಾಮುವಿನ ಮದುವೆ ತಡವಾಗಿ ಆಯಿತು, ಗಂಡ ಬೇಗ ತೀರಿಕೊಂಡ. ನಿಲುವಂಗಿಗಳಿಗೆ ರೇಷ್ಮೆ ಗುಂಡಿ ಹೆಣೆದು ಮಗಳು ಹನಿಯಾಳನ್ನು ಬೆಳೆಸಿದಳು. ಹಬ್ಬಕ್ಕೆ ಒಲೆಯವನಿಗೆ ಒಂದು ರೊಟ್ಟಿ ಬಿಟ್ಟುಹೋಗುವುದು ಎಲ್ಲ ಮನೆಗಳ ರೂಢಿ. ತಾಮುವಿನ ಹಲಗೆಯಿಂದ ಇಪ್ಪತ್ತೆಂಟು ವರ್ಷ ಒಂದು ಚೂರೂ ಬರಲಿಲ್ಲ, ಒಂದು ಮಾತೂ ಬರಲಿಲ್ಲ.

ಹೋದ ಚಳಿಗಾಲ ಲಲ್ಲಾ ಬತೂಲ್ ಎಂಬವಳು ಬಂದು ಬಾಗಿಲಲ್ಲಿ ನಿಂತಳು. ಅವಳಿಗೆ ಮಗನ ಮದುವೆಯ ಯೋಚನೆ.

“ಬೂಶ್ತಾ, ಆ ತಾಮು ಮಗಳು ಹನಿಯಾ ಹೇಗೆ?”

ಹನಿಯಾ ನಾದಿದ ಹಿಟ್ಟು ಓಣಿಗೇ ಮೇಲು. ಒಂದು ಒಳ್ಳೆಯ ಮಾತು ಆಡಿದರೆ ಸಂಬಂಧ ಕುದುರುತ್ತದೆ, ಎದೆಯ ಮುಳ್ಳೂ ಹೊರಬರುತ್ತದೆ. ಆದರೆ ಹಿಂದಿನ ವಾರವಷ್ಟೇ ಇನ್ನೊಂದು ಹುಡುಗಿಯ ಬಗ್ಗೆ ಕೇಳಿದವರನ್ನು ಬರಿಗೈಯಲ್ಲಿ ಕಳಿಸಿದ್ದ. ಇವಳನ್ನು ಹೊಗಳಿದರೆ ಅವಳ ಗತಿ ಏನು?

ಬೀಜ ತೆಗೆದ. “ನಾನು ಯಾರ ಮನೆ ವಿಷಯಾನೂ ಹೇಳಲ್ಲ ಲಲ್ಲಾ.”

“ಅಂದ್ರೆ ಏನೋ ಇದೆ ಅಂತಾಯ್ತು.”

“ನನ್ನ ಮಗಳ ಬಗ್ಗೆ ಕೇಳಿದ್ರೂ ಇದೇ ಉತ್ತರ.”

“ನಿನ್ನ ಮಗಳನ್ನ ಯಾರು ಕೇಳಿದ್ರು!” ಎಂದು ಬತೂಲ್ ಧುಮುಗುಡುತ್ತ ಹೋದಳು.

ಮನೆಯಲ್ಲಿ ಹೆಂಡತಿ ಮಿಲೂದಾ ಸಾರು ಬಡಿಸುತ್ತಲೇ ಜಾಡಿಸಿದಳು: “ಕೆಡಿಸೋಕೆ ಬಾಯಿತ್ತು, ಕಟ್ಟೋಕೆ ಇಲ್ವಾ? ತಾಯೀದು ಮಾತಾಡಿ ಮುರಿದೆ, ಮಗಳದ್ದು ಮಾತಾಡ್ದೆ ಮುರಿದೆ!” ಅವಳು ಹೇಳಿದ್ದೇ ನಿಜವಾದರೆ ಎಂಬ ಭಯ ಹತ್ತು ದಿನ ಬೂಶ್ತಾನನ್ನು ಹಿಂಡಿತು. ಹನಿಯಾ ಹಲಗೆ ತಂದಿಟ್ಟಾಗ ತಲೆಯೆತ್ತಿ ನೋಡಲೂ ಆಗಲಿಲ್ಲ.

ಹನ್ನೊಂದನೇ ದಿನ ಹಲಗೆ ಹೊತ್ತು ತಾಮುವೇ ಬಂದಳು.

“ಬತೂಲ್ ಬಂದು ಕೇಳಿದ್ಲಂತೆ?”

ಹೌದೆಂದು ತಲೆಯಾಡಿಸಿದ.

“ನನ್ನ ಮಗಳ ಬಗ್ಗೆ ಒಂದು ಒಳ್ಳೇ ಮಾತೂ ಆಡ್ಲಿಲ್ವಂತೆ?”

ತಲೆ ತಗ್ಗಿಸಿ ನಿಂತ.

“ನಿನ್ನ ಬೈಕೊಂಡೇ ಓಣಿಯೆಲ್ಲ ಸುತ್ತಿದ್ಲು, ಅವನು ಯಾರ ಬಗ್ಗೆಯಾದ್ರೂ ಬಾಯಿ ಬಿಟ್ಟಿದ್ದಾನಾ ಅಂತ ಕೇಳ್ಕೊಂಡು. ಒಬ್ರೂ ಹೂಂ ಅನ್ಲಿಲ್ಲ. ಬೇರೆ ದಾರಿ ಕಾಣ್ದೆ ನಿನ್ನೆ ಮನೆಗೇ ಬಂದ್ಲು. ಹುಡುಗಿ ಜೊತೆ ಕೂತು ಮಾತಾಡಿದ್ಲು, ರೊಟ್ಟಿ ಮುರಿದು ತಿಂದ್ಲು. ಬರೋ ಶುಕ್ರವಾರ ಗಂಡಿನೋರು ನಿಶ್ಚಯಕ್ಕೆ ಸಕ್ಕರೆ ಅಚ್ಚು ತರ್ತಾರೆ.” ಹಲಗೆ ಕೆಳಗಿಟ್ಟು, “ನನ್ನ ಕಾಲಕ್ಕೂ ಆ ಬೀಜ ಇದ್ದಿದ್ರೆ...” ಎಂದು ಅರ್ಧಕ್ಕೇ ಬಿಟ್ಟಳು.

ಆಮೇಲೆ ಬಟ್ಟೆಯನ್ನು ತಾನೇ ಸರಿಸಿದಳು. ನಾಲ್ಕು ಬಿಳಿಯ ರೊಟ್ಟಿ, ಅವುಗಳ ಪಕ್ಕದಲ್ಲಿ ಸಣ್ಣದೊಂದು, ಮಾಸಲು ಬಣ್ಣದ್ದು, ಬಾರ್ಲಿಯದು.

“ಅದನ್ನ ಮನೆಗೆ ಕಳಿಸ್ಬೇಡ, ಅದು ನಿಂದು” ಎಂದು ಹೊರಟಳು.

ಬೂಶ್ತಾ ಆ ರೊಟ್ಟಿಯನ್ನು ಎಲ್ಲಕ್ಕಿಂತ ಜೋಪಾನವಾಗಿ ಬೇಯಿಸಿದ. ನಡುಮಧ್ಯಾಹ್ನ, ಓಣಿಯ ಜನರ ಎದುರಿಗೇ, ಬೀಜವನ್ನು ಉಗಿದು ಬಿಸಿಬಿಸಿ ಮುರಿದು ತಿಂದ. ಕಣ್ಣಲ್ಲಿ ನೀರು ಬಂತು. ಹೊಗೆಯೇನು ಎಂದು ಯಾರೋ ಕೇಳಿದರು. ಅಲ್ಲ ಎಂದ, ಒಂದು ಚೂರೂ ಬಿಡದೆ ತಿಂದು ಮುಗಿಸಿದ.