ಸದ್ದಿಲ್ಲದ ಕೋಣೆಯಲ್ಲಿ ಇಪ್ಪತ್ತಾರು ದಿನ

ಆ ದಿನ ಬೆಳಿಗ್ಗೆ ನೀರುದೋಸೆಯ ತುಂಡು ನನ್ನ ಗಂಡನ ಬಾಯೊಳಗೆ ಹೋಗಲಿಲ್ಲ. ಬಾಯಿ ಒಂದು ಬೆರಳಿನಷ್ಟು ತೆರೆಯಿತು, ಅಷ್ಟೇ. ಹಲ್ಲುನೋವಾ ಎಂದು ಕೇಳಿದೆ.

"ನೋವಿಲ್ಲ. ದವಡೆ ಹಿಡ್ಕೊಂಡ ಹಾಗೆ ಉಂಟು," ಎಂದರು.

ನಾನು ಬೈದೆ. ಚರ್ಚಿನ ಸಭೆಯ ಗಾಯನದಲ್ಲಿ ಇವರದು ತಗ್ಗಿನ ದನಿ, ಬಾಸ್. ಹಿಂದಿನ ದಿನ ಅಭ್ಯಾಸವೆಂದು ಎರಡು ಗಂಟೆ ಹಾಡಿ ಬಂದಿದ್ದರು. ಅಷ್ಟು ಹೊತ್ತು ಗಂಟಲು ಹರಿದುಕೊಂಡರೆ ದವಡೆ ಹಿಡಿಯದೆ ಇನ್ನೇನಾಗುತ್ತದೆ ಎಂದೆ. ಹತ್ತಿಯನ್ನು ಲವಂಗದೆಣ್ಣೆಯಲ್ಲಿ ಅದ್ದಿ ಕೊಟ್ಟೆ. ಇವರು ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಕಾರ್ಖಾನೆಯ ಕೂಗು ಆಗುವ ಮೊದಲು ಗೇಟಿನ ಒಳಗಿರಬೇಕು. ಬರೇ ಚಹಾ ಕುಡಿದು ಹೋದರು.

ಹನ್ನೊಂದು ಗಂಟೆಗೆ ಇಬ್ಬರು ಕೆಲಸದವರು ಇವರನ್ನು ಹೊತ್ತುಕೊಂಡು ಬಂದರು. ಕುತ್ತಿಗೆ ಹಿಂದಕ್ಕೆ ಬಾಗಿತ್ತು. ಮುಖದ ಮೇಲೆ ನಗು ಇತ್ತು.

ಅದು ನಗು ಅಲ್ಲ ಎಂದು ಆಸ್ಪತ್ರೆಯಲ್ಲಿ ಗೊತ್ತಾಯಿತು.

ಡಾಕ್ಟರು ಬಾಯಿ ತೆರೆಸಲು ನೋಡಿದರು, ಹೊಟ್ಟೆ ಒತ್ತಿದರು. ಹೊಟ್ಟೆ ಹಲಗೆಯ ಹಾಗಿತ್ತು. "ಹತ್ತು ಹದಿನೈದು ದಿನದೊಳಗೆ ಎಲ್ಲಿಯಾದರೂ ಗಾಯ ಆಗಿತ್ತಾ?" ಎಂದು ಕೇಳಿದರು.

ಆಗಿತ್ತು. ಒಂಬತ್ತು ದಿನದ ಹಿಂದೆ ಬೆಳೆಹಬ್ಬಕ್ಕೆ ನಮ್ಮ ಸಭೆಯ ದೇವಾಲಯದ ಅಂಗಳದಲ್ಲಿ ಚಪ್ಪರ ಕಟ್ಟಿದ್ದರು. ಸಭೆಯವರು ಮೊದಲ ಫಲವನ್ನು ತಂದು ದೇವರಿಗೆ ಒಪ್ಪಿಸುವ ಹಬ್ಬ ಅದು. ಬಾಳೆಗೊನೆ, ಸೋರೆಕಾಯಿ, ಕೋಳಿ, ಯಾರ ಮನೆಯಲ್ಲಿ ಎಂತ ಉಂಟೋ ಅದು. ಯಾರೋ ಹಳೆಯ ಹಟ್ಟಿಯ ಹಲಗೆಗಳನ್ನು ತಂದು ಹಾಕಿದ್ದರು. ಅದರಲ್ಲಿದ್ದ ತುಕ್ಕು ಮೊಳೆ ಇವರ ಅಂಗಾಲಿಗೆ ಇಳಿಯಿತು. ಮನೆಗೆ ಬಂದಾಗ ನಾನು ಬಿಸಿನೀರಿನಲ್ಲಿ ತೊಳೆದು, ಅರಸಿನ ಮತ್ತು ತೆಂಗಿನೆಣ್ಣೆ ಕಾಯಿಸಿ ಇಟ್ಟು ಬಟ್ಟೆ ಕಟ್ಟಿದೆ. ಮೂರೇ ದಿನದಲ್ಲಿ ಗಾಯ ಚಂದಕ್ಕೆ ಕೂಡಿತು. ನನ್ನ ಮದ್ದಿನ ಬಗ್ಗೆ ನನಗೆ ಹೆಮ್ಮೆ ಬೇರೆ.

"ಮೇಲೆ ಮಾತ್ರ ಕೂಡಿದ್ದು," ಎಂದರು ಡಾಕ್ಟರು. "ಒಳಗೆ ವಿಷ ಉಳಿದುಕೊಂಡಿದೆ."

ಟೆಟನಸ್.

ಬದುಕುತ್ತಾರಾ ಎಂದು ಕೇಳಿದೆ. "ಹತ್ತು ದಿನ ದಾಟಿದರೆ ಆಮೇಲೆ ಹೇಳ್ತೇನೆ. ವಿಷ ಇಳಿಸುವ ಇಂಜೆಕ್ಷನ್, ಎ.ಟಿ.ಎಸ್. ಕೊಡುವ. ಆದರೆ ಅಮ್ಮ, ಇವರ ಹತ್ತಿರ ಸದ್ದು ಆಗಬಾರದು. ಬೆಳಕು ಬೀಳಬಾರದು. ಮುಟ್ಟಬಾರದು. ಯಾವುದಾದರೂ ಒಂದು ಆದರೆ ಸಾಕು, ಫಿಟ್ ಬರ್ತದೆ. ಒಂದೊಂದು ಫಿಟ್‌ನಲ್ಲಿಯೂ ಉಸಿರು ನಿಲ್ಲಬಹುದು."

ವರಾಂಡದ ಕೊನೆಯ ಕೋಣೆ ಕೊಟ್ಟರು. ಕಿಟಕಿಗೆ ಕಪ್ಪು ಕಂಬಳಿ ಬಡಿದಿತ್ತು. ಇವರ ಕಿವಿಗೆ ಹತ್ತಿ ತುರುಕಿದರು. ಮೂಗಿನಿಂದ ಒಂದು ಟ್ಯೂಬ್ ಇಳಿಸಿದರು, ಗಂಜಿಯ ತಿಳಿ ಅದರಲ್ಲೇ. ಸಿಸ್ಟರ್ ಚಪ್ಪಲಿ ಹೊರಗೆ ಬಿಟ್ಟು ಬೆಕ್ಕಿನ ಹಾಗೆ ಬರುತ್ತಿದ್ದರು. ನಾನು ಬಳೆ ತೆಗೆದು ಸೆರಗಿಗೆ ಕಟ್ಟಿಕೊಂಡೆ.

ಮೊದಲ ದೊಡ್ಡ ಫಿಟ್ ಬಂದದ್ದು ನನ್ನಿಂದ. ಕೈಯಿಂದ ಚಮಚ ಜಾರಿ ನೆಲಕ್ಕೆ ಬಿತ್ತು. ಒಂದು ಚಮಚ. ಇವರ ಮೈ ಮಂಚದಿಂದ ಎದ್ದಿತು. ತಲೆಯ ಹಿಂಬದಿ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಗೆ ತಾಗಿ, ನಡುವಿನದೆಲ್ಲ ಬಿಲ್ಲಿನಂತೆ ಮೇಲಕ್ಕೆ. ಹಲ್ಲು ಕಟಕಟ ಮಸೆಯಿತು, ಆಮೇಲೆ ಒಂದು ದವಡೆ ಹಲ್ಲು ಒಡೆದದ್ದು ನನಗೆ ಕೇಳಿತು. ತುಟಿಯ ಸಂದಿಯಿಂದ ರಕ್ತ. ಮುಖ ನೇರಳೆಹಣ್ಣಿನ ಬಣ್ಣಕ್ಕೆ ಬಂತು. ಕಣ್ಣು ಮಾತ್ರ ತೆರೆದೇ ಇತ್ತು, ನನ್ನನ್ನೇ ನೋಡುತ್ತಿತ್ತು. ಈ ರೋಗದಲ್ಲಿ ಪ್ರಜ್ಞೆ ತಪ್ಪುವುದಿಲ್ಲ. ಮುರಿಯುವುದೆಲ್ಲ ಮುರಿಯುವವನಿಗೆ ಗೊತ್ತಾಗುತ್ತಲೇ ಇರುತ್ತದೆ.

ದಿನಕ್ಕೆ ಹತ್ತು, ಹದಿನೈದು ಸಲ ಹೀಗೆ. ಸ್ಟೇಷನ್ನಿನ ಕಡೆಯಿಂದ ರೈಲಿನ ಸಿಳ್ಳು ಕೇಳಿದರೆ ಒಂದು. ಹೊರಗೆ ಯಾರಾದರೂ ಬಾಲ್ದಿ ಇಟ್ಟರೆ ಒಂದು. ಮೂರನೆಯ ದಿನ ನಾಲ್ಕು ಜನ ಹಿಡಿದರೂ ಇವರು ಮಂಚದಿಂದ ಕೆಳಗೆ ಬಿದ್ದರು. ಬೆನ್ನಿನಲ್ಲಿ ಲಟಕ್ ಎಂದಿತು. ಅಂದಿನಿಂದ ಹಳೆಯ ಸೀರೆ ಹರಿದು ತೊಡೆ, ತೋಳುಗಳನ್ನು ಮಂಚಕ್ಕೆ ಕಟ್ಟಿದೆವು. ಕಟ್ಟಿದ್ದು ನನ್ನದೇ ಕೈ. ಫಿಟ್ ಬಂದಾಗ ಆ ಬಟ್ಟೆ ಚರ್ಮವನ್ನು ಕೊಯ್ಯುತ್ತಿತ್ತು.

ದೇವರ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂತು. ಇದನ್ನು ಮುಚ್ಚಿಟ್ಟು ಬರೆದರೆ ಬರೆದು ಪ್ರಯೋಜನವಿಲ್ಲ. ನನ್ನ ಗಂಡ ಕುಡಿದು ಬಿದ್ದು ಗಾಯ ಮಾಡಿಕೊಂಡದ್ದಲ್ಲ. ದೇವರದೇ ಅಂಗಳ, ಅವನದೇ ಹಬ್ಬ, ಅವನಿಗೇ ಚಪ್ಪರ. ಅಲ್ಲೊಂದು ಮೊಳೆಯನ್ನು ನೋಡಿಕೊಳ್ಳಲು ಅವನಿಗೆ ಪುರುಸೊತ್ತು ಇರಲಿಲ್ಲವಾ?

ಸಭೆಯ ಹಿರಿಯ ಯೋನಾ ಮಾಸ್ಟ್ರು ನೋಡಲು ಬಂದಿದ್ದರು. ನನಗೂ ಇವರಿಗೂ ಶಾಲೆಯಲ್ಲಿ ಪಾಠ ಹೇಳಿದವರು. ವರಾಂಡದಲ್ಲಿ ನಿಂತು ನನ್ನನ್ನು ಸಮಾಧಾನ ಮಾಡಿದರು. "ಎಸ್ತೇರ್, ನಮ್ಮ ಕರ್ತನಿಗೂ ಮೊಳೆ ಹೊಡೆದಿದ್ದಾರೆ. ಅದನ್ನು ನೆನಪು ಮಾಡಿಕೋ ಮಗಳೇ."

"ಮಾಸ್ಟ್ರೇ, ಕರ್ತನಿಗೆ ಮೂರನೇ ದಿನಕ್ಕೆ ಎಲ್ಲ ಸರಿ ಆಯ್ತು," ಎಂದೆ. "ಇವರಿಗೆ ಇವತ್ತು ಐದನೇ ದಿನ."

ಅವರು ಅಂಗಳಕ್ಕೆ ಇಳಿದು ಹೋದರು.

ಆರನೆಯ ದಿನ ಭಾನುವಾರ. ಆ ದಿನ ನಡೆದದ್ದಕ್ಕೆ ನಾನು ಯಾರನ್ನೂ ದೂರುವ ಹಾಗಿಲ್ಲ. ನಮ್ಮಲ್ಲಿ ಯಾರಾದರೂ ಮಲಗಿದರೆ ಸಭೆಯವರು ಹೋಗಿ ಮಂಚದ ಸುತ್ತ ನಿಂತು ಹಾಡಬೇಕು. ಹಾಡದೆ ಬಂದರೆ ಅದು ನೋಡಿದ ಲೆಕ್ಕಕ್ಕೇ ಇಲ್ಲ. ಸಾಯುವವರಿಗೂ ಹಾಡು, ಬಾಣಂತಿಯರಿಗೂ ಹಾಡು. ನನ್ನ ಅತ್ತೆ ಐದು ದಿನದಿಂದ ಅದೊಂದನ್ನೇ ಹೇಳುತ್ತಿದ್ದರು. "ನನ್ನ ಮಗನನ್ನು ಮೂಕರ ಕೋಣೆಯಲ್ಲಿ ಹಾಕಿದ್ದೀರಿ. ಒಂದು ಹಾಡು ಇಲ್ಲ, ಒಂದು ಪ್ರಾರ್ಥನೆ ಇಲ್ಲ. ದೆವ್ವ ಹಿಡಿಯದೆ ಎಂತ ಆಗ್ತದೆ?"

ಆರಾಧನೆ ಮುಗಿಸಿ ಎಂಟು ಜನ ಬಂದರು. ಮಾಸ್ಟ್ರು ಮುಂದೆ. ಸಿಸ್ಟರ್ ಊಟಕ್ಕೆ ಹೋಗಿದ್ದರು.

"ಮೆಲ್ಲಗೆ ಹಾಡ್ತೇವೆ," ಎಂದರು ಮಾಸ್ಟ್ರು. "ಒಂದೇ ಚರಣ."

ಸದ್ದು ಆಗಬಾರದೆಂದು ಡಾಕ್ಟರು ಹೇಳಿದ್ದು ನನಗೆ ನೆನಪಿತ್ತು. ಆದರೆ ದೇವರ ಹಾಡು ಸದ್ದು ಹೇಗಾಗುತ್ತದೆ? ಚಮಚ ಸದ್ದು, ಬಾಲ್ದಿ ಸದ್ದು. ಇದು ಹಾಡು. ನನಗೆ ನಿಜವಾಗಿ ಹಾಗೆಯೇ ಅನಿಸಿತು. ದೇವರ ಮೇಲೆ ಅಷ್ಟು ಸಿಟ್ಟಿದ್ದರೂ, ಅವನ ಹಾಡು ಮದ್ದಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬ ಆಸೆ ಹೊಟ್ಟೆಯೊಳಗೆ ಇತ್ತು.

ಬಾಗಿಲು ತೆರೆದವಳು ನಾನೇ.

ಮೊದಲ ಸಾಲಿಗೇ ಇವರ ಮೈ ಎದ್ದಿತು. ಹಾಡುವವರು ಕಣ್ಣು ಮುಚ್ಚಿಕೊಂಡಿದ್ದರು. ಹಾಡುವಾಗ ನಾವೆಲ್ಲ ಕಣ್ಣು ಮುಚ್ಚುತ್ತೇವೆ. ಏರು ತಗ್ಗಿನ ನಾಲ್ಕು ದನಿಗಳೂ ಸೇರಿ ಕೋಣೆ ತುಂಬಿತು. ಕಟ್ಟಿದ ಬಟ್ಟೆ ಹರಿಯಿತು. ಇವರು ನಾಲಗೆ ಕಚ್ಚಿಕೊಂಡರು, ರಕ್ತ ಗಲ್ಲದಿಂದ ಎದೆಗೆ ಹರಿಯಿತು. ಎದೆ ಏರಿದ್ದು ಇಳಿಯಲಿಲ್ಲ. "ನಿಲ್ಲಿಸಿ," ಎಂದೆ. ಯಾರಿಗೂ ಕೇಳಲಿಲ್ಲ. ನಾನು ಮಾಸ್ಟ್ರ ಬಾಯಿಗೆ ಅಂಗೈಯಿಂದ ಬಡಿದೆ. ಅವರು ಕಣ್ಣು ತೆರೆದರು, ಹಾಡು ಅಷ್ಟರಲ್ಲೇ ನಿಲ್ಲಲಿಲ್ಲ. ಮುಷ್ಟಿಯಿಂದ ಹೊಡೆದೆ. ತುಟಿ ಒಡೆಯಿತು. ಅವರ ಕನ್ನಡಕ ಬಿತ್ತು, ನನ್ನ ಕಾಲ ಕೆಳಗೆ ಪುಡಿಯಾಯಿತು. ಎಲ್ಲರನ್ನೂ ದೂಡಿ, ಕುತ್ತಿಗೆ ಹಿಡಿದು, ಒಬ್ಬಳ ಜಡೆ ಎಳೆದು ಹೊರಗೆ ಹಾಕಿದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಮಾಡುವ ಬಾಯಿ ಅದು.

ಒಳಗೆ ಇವರು ಉಸಿರಾಡುತ್ತಿರಲಿಲ್ಲ.

ಡಾಕ್ಟರು ಓಡಿ ಬಂದರು. ಎಲ್ಲಿಗೂ ಕೊಂಡುಹೋಗಲು ಹೊತ್ತಿರಲಿಲ್ಲ. ಅಲ್ಲೇ, ಟಾರ್ಚಿನ ಬೆಳಕಿನಲ್ಲಿ, ಗಂಟಲನ್ನು ಕೊಯ್ದು ತೂತು ಮಾಡಿ ಒಂದು ಕೊಳವೆ ತುರುಕಿದರು. ಟ್ರೇಕಿಯಾಸ್ಟಮಿ ಎಂದು ಹೆಸರು. ರಕ್ತ ಗೋಡೆಗೆ ಚಿಮ್ಮಿತು. ತಲೆ ಹಿಡಿದುಕೊಂಡವಳು ನಾನು. ಕೊಳವೆಯಿಂದ ಗೊರಗೊರ ಎಂದು ಗಾಳಿ ಬಂತು.

ಡಾಕ್ಟರು ಕೈ ತೊಳೆಯುತ್ತಾ ಕೇಳಿದರು. "ಬಾಗಿಲು ತೆರೆದದ್ದು ಯಾರು?"

"ನಾನು."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅತ್ತೆ ವರಾಂಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದರು. "ದೇವರ ಹಾಡಿಗೆ ಹೊಡೆದವಳು ನೀನು. ಇನ್ನು ಅವನು ಉಳಿಯುವುದಿಲ್ಲ," ಎಂದರು. ನಾನು ಅವರ ಮುಖ ನೋಡಿದೆ. ಆ ಮುದುಕಿಯನ್ನೂ ಹೊಡೆಯಬೇಕೆಂದು ನನ್ನ ಕೈ ಎದ್ದಿತ್ತು. ಹೇಗೋ ಇಳಿಸಿದೆ.

ಮರುದಿನ ಮಧ್ಯಾಹ್ನ. ಡಾಕ್ಟರು ಮದ್ದು ಹೆಚ್ಚು ಮಾಡಿದ್ದರು, ಇವರ ಕಣ್ಣು ಮುಚ್ಚಿತ್ತು. ಆದರೂ ಮೈ ಆಗಾಗ ಬಿಗಿಯುತ್ತಿತ್ತು. ಬಿಗಿದಾಗ ಮುಚ್ಚಿದ ರೆಪ್ಪೆಯ ಅಡಿಯಿಂದ ನೀರು ಬರುತ್ತಿತ್ತು. ಬೆನ್ನು, ನಾಲಗೆ, ಗಂಟಲು, ಹಲ್ಲು, ಎಲ್ಲ ಒಂದೊಂದಾಗಿ ಹೋದವು. ಇನ್ನು ಎಂತ ಮುರಿಯಲಿಕ್ಕೆ ಉಳಿದಿದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಆಗ ಮಂಚದ ಬದಿಯಲ್ಲಿ ಮೊಣಕಾಲೂರಿ ಉಸಿರಿನಷ್ಟೇ ದನಿಯಲ್ಲಿ, ಮನೆಯ ತುಳುವಿನಲ್ಲಿ ದೇವರಿಗೆ ಹೇಳಿದೆ. ಸಾಕು. ಗುಣ ಮಾಡು ಎಂದು ಇನ್ನು ನಿನ್ನ ಹತ್ತಿರ ಕೇಳುವುದಿಲ್ಲ. ಈ ಮನುಷ್ಯನನ್ನು ಕೊಂದುಬಿಡು. ನಿನಗೆ ಕರುಳು ಎಂಬುದು ಇದ್ದರೆ ಇವತ್ತು ಸಂಜೆಯೊಳಗೆ ಕೊಲ್ಲು. ಕೊನೆಗೆ, ಅಭ್ಯಾಸಬಲದಿಂದ, ಯೇಸುವಿನ ಹೆಸರಿನಲ್ಲಿ ಎಂದೂ ಸೇರಿಸಿದೆ.

ಸಂಜೆಯಾಯಿತು. ಇವರು ಸಾಯಲಿಲ್ಲ.

ಅದಕ್ಕೂ ನನಗೆ ಸಿಟ್ಟು ಬಂತು. ಬದುಕಿಸು ಎಂದರೆ ಬದುಕಿಸುವುದಿಲ್ಲ, ಕೊಲ್ಲು ಎಂದರೆ ಕೊಲ್ಲುವುದಿಲ್ಲ. ಈ ದೇವರ ಹತ್ತಿರ ಮಾತಾಡಿ ಫಲವಿಲ್ಲ ಎಂದು ನಿರ್ಧರಿಸಿದೆ. ಅಲ್ಲಿಂದ ಮುಂದೆ ನಾನು ಪ್ರಾರ್ಥನೆ ಮಾಡಲಿಲ್ಲ. ಕೆಲಸ ಮಾಡಿದೆ. ಕೊಳವೆಯ ಕಫ ತೆಗೆದೆ, ಮಲ ಮೂತ್ರ ತೆಗೆದೆ, ಹುಣ್ಣಾದ ಬೆನ್ನು ಒರೆಸಿದೆ. ಒಂದು ಫಿಟ್‌ನಿಂದ ಇನ್ನೊಂದರ ತನಕ ಉಸಿರು ಬಿಗಿಹಿಡಿದು ದೇವರ ಮುಂದೆ ಸುಮ್ಮನೆ ಕೂತೆ. ಕೂತದ್ದು ಅವನ ಮುಂದೆ ಎಂದು ಯಾಕೆ ಬರೆದೆನೋ ತಿಳಿಯದು. ಆ ಕತ್ತಲೆ ಕೋಣೆಯಲ್ಲಿ ನಾನು ಒಬ್ಬಳೇ ಇದ್ದೇನೆ ಎಂದು ಮಾತ್ರ ಒಂದು ದಿನವೂ ಅನಿಸಲಿಲ್ಲ. ಹಾಡು, ಮಾತು, ಬೇಡಿಕೆ ಎಲ್ಲ ಹೋದ ಮೇಲೆ ಉಳಿದದ್ದು ಅಷ್ಟೇ. ಸಿಟ್ಟು ಮಾಡಿಕೊಳ್ಳಲಿಕ್ಕಾದರೂ ಅಲ್ಲಿ ಯಾರೋ ಇದ್ದ.

ಎಂಟನೆಯ ದಿನ ವರಾಂಡದ ಬಾಯಲ್ಲಿ ಯೋನಾ ಮಾಸ್ಟ್ರು ಕೂತಿರುವುದನ್ನು ನೋಡಿದೆ. ಮುಕ್ಕಾಲಿಯ ಮೇಲೆ, ತುಟಿ ಊದಿಕೊಂಡು, ಕನ್ನಡಕವಿಲ್ಲದೆ. ಬರುವವರ ಚಪ್ಪಲಿ ಬಿಚ್ಚಿಸುತ್ತಿದ್ದರು. ಕೆಮ್ಮು ಬಂದವರನ್ನು ಅಂಗಳಕ್ಕೆ ಕಳಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ನಾನು ಅವರ ಕಾಲು ಮುಟ್ಟಲು ಹೋದೆ.

"ಬೇಡ ಮಾರಾಯ್ತಿ," ಎಂದು ಪಿಸುಗುಟ್ಟಿದರು. "ಹೋಗು, ಒಳಗೆ ಹೋಗು."

ಇವರು ಆಸ್ಪತ್ರೆಯಲ್ಲಿರುವ ತನಕ ದಿನವೂ ಅವರು ಅಲ್ಲಿ ಕೂತರು. ಒಂದು ಹಾಡಿನ ಸಾಲನ್ನೂ ಗುನುಗಲಿಲ್ಲ. ನನ್ನ ಅತ್ತೆಯೂ ಅವರ ಬದಿಯಲ್ಲಿ ನೆಲದ ಮೇಲೆ ಕೂತು ತುಟಿ ಅಲ್ಲಾಡಿಸದೆ ಪ್ರಾರ್ಥಿಸುವುದನ್ನು ಕಲಿತರು. ಎಪ್ಪತ್ತು ವರ್ಷದ ಮೇಲೆ ಹೊಸತೊಂದನ್ನು ಕಲಿಯುವುದು ಸುಲಭವಲ್ಲ.

ಹನ್ನೆರಡನೆಯ ದಿನ ಮೂರೇ ಫಿಟ್. ಹದಿನೈದನೆಯ ದಿನ ಒಂದು. ಹದಿನೆಂಟನೆಯ ದಿನ ರೈಲು ಸಿಳ್ಳು ಹಾಕಿತು, ಇವರು ಅಲ್ಲಾಡಲಿಲ್ಲ. ನಾನು ಮಂಚದ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಇಪ್ಪತ್ತನೆಯ ದಿನ ಕೊಳವೆ ತೆಗೆದರು, ಇಪ್ಪತ್ತಾರಕ್ಕೆ ಮನೆಗೆ ಕಳಿಸಿದರು. ಆ ರೋಗದಿಂದ ಎದ್ದು ಹೋದವರು ಕಡಿಮೆ ಎಂದು ಡಾಕ್ಟರು ಹೇಳಿದರು.

ಈಗ ಮೂರು ತಿಂಗಳಾಯಿತು. ಇವರ ಬೆನ್ನು ಬಾಗಿದೆ, ಮೇಸ್ತ್ರಿಯ ಕೆಲಸ ಇನ್ನು ಆಗದು. ಕಾರ್ಖಾನೆಯವರು ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದಿದ್ದಾರೆ. ಬಾಸ್ ದನಿ ಹೋಯಿತು. ಮಾತಾಡಿದರೆ ಗಾಳಿ ಸೋರಿದ ಹಾಗೆ. ಬಾಗಿಲು ಬಡಿದರೆ ಈಗಲೂ ನನ್ನ ಜೀವ ಬಾಯಿಗೆ ಬರುತ್ತದೆ. ಬೆಳಿಗ್ಗೆ ಇವರು ದೋಸೆಗೆ ಬಾಯಿ ತೆರೆಯುವ ತನಕ ನಾನು ನನ್ನ ತಟ್ಟೆಗೆ ಕೈ ಹಾಕುವುದಿಲ್ಲ.

ಮೊನ್ನೆ ಭಾನುವಾರ ಅತ್ತೆ ದೇವಾಲಯಕ್ಕೆ ಹೋಗಿದ್ದರು. ನಾನು ಇವರ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದೆ. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಒಂದು ಹೇಳ್ತೇನೆ, ಬೇಜಾರು ಮಾಡ್ಬಾರ್ದು," ಎಂದರು.

"ಎಂತ?"

"ಗಂಟಲು ಕೊಯ್ದ ಮರುದಿನ ನೀನು ದೇವರ ಹತ್ರ ಕೇಳಿದೆಯಲ್ಲ. ಅದು ನನಗೆ ಕೇಳಿತು."

ನನ್ನ ಕೈ ನಿಂತಿತು. ಇವರ ಕಿವಿಯಲ್ಲಿ ಹತ್ತಿ ಇತ್ತು, ಮದ್ದಿನ ಮಂಪರು ಇತ್ತು, ದನಿ ನನಗೇ ಕೇಳದಷ್ಟು ಸಣ್ಣದಿತ್ತು. ಭೂಮಿ ಬಾಯಿಬಿಟ್ಟರೆ ಸಾಕಿತ್ತು ನನಗೆ.

"ನಾನು ಎಂತ ಮಾಡ್ಲಿ, ನನಗೆ ನೋಡ್ಲಿಕ್ಕೆ ಆಗ್ಲಿಲ್ಲ," ಎಂದೆ.

"ಬೇಜಾರಿಗೆ ಹೇಳಿದ್ದಲ್ಲ ಮಾರಾಯ್ತಿ. ನಾನು ಆಮೆನ್ ಹೇಳಿದೆ. ಬಾಯಿ ಇರ್ಲಿಲ್ಲ, ಮನಸ್ಸಲ್ಲಿ ಹೇಳಿದೆ. ಎರಡು ಸಲ ಹೇಳಿದೆ."

ನಾನು ಎಣ್ಣೆಯ ಬಟ್ಟಲನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟೆ.

ಇಬ್ಬರು ಒಂದೇ ಮನಸ್ಸಿನಿಂದ ಬೇಡಿಕೊಂಡರೆ ತಂದೆಯಾದ ದೇವರು ಇಲ್ಲವೆನ್ನುವುದಿಲ್ಲ ಎಂದು ನಾನು ಮಕ್ಕಳಿಗೆ ವರ್ಷ ವರ್ಷವೂ ಕಲಿಸಿದ್ದೇನೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ನಾವು ಇಬ್ಬರೂ ಒಂದೇ ಮನಸ್ಸಿನಿಂದ, ಒಂದು ಚೂರು ಬೇರೆ ಯೋಚನೆ ಇಲ್ಲದೆ ಬೇಡಿದ್ದು ಅದೊಂದನ್ನೇ. ಅವನು ಇಲ್ಲವೆಂದ. ನನ್ನ ಕೈಯ ಕೆಳಗೆ ಇವರ ಬೆನ್ನು ಬೆಚ್ಚಗಿತ್ತು, ಉಸಿರಿಗೆ ಏರಿ ಇಳಿಯುತ್ತಿತ್ತು. ನಾನು ಮತ್ತೆ ಎಣ್ಣೆ ಹಚ್ಚತೊಡಗಿದೆ.